ಕಲ್ಲು ಕೊಡುವವಳು

ನನ್ನ ಹೊಲಿಗೆ ಅಂಗಡಿಯ ಬಾಗಿಲಿಗೆ ಒಂದು ಕಲ್ಲು ಇಟ್ಟಿದ್ದೇನೆ. ಗಾಳಿಗೆ ಬಾಗಿಲು ಬಡಿದುಕೊಳ್ಳದಿರಲಿ ಎಂದು. ಬ್ಲೌಸಿನ ಅಳತೆ ಕೊಡಲು ಬರುವ ಹೆಂಗಸರು ಅದನ್ನು ಎಡವಿ, "ಏನಕ್ಕ ಇದು, ಒರಳುಗುಂಡಾ?" ಎಂದು ಕೇಳುತ್ತಾರೆ. ಒರಳುಗುಂಡಲ್ಲ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳ್ಳಗೆ, ಹೋಳು ಮಾಡಿದ ಕಲ್ಲಂಗಡಿಯ ಆಕಾರ. ಇಳಿಜಾರಾದ ಬದಿಯಲ್ಲಿ ಟೈರಿನ ಕಪ್ಪು ಹತ್ತಿಕೊಂಡಿದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಈ ಕಲ್ಲು ನಮ್ಮ ಅಗರದಿಂದ ಕೊಳ್ಳೇಗಾಲ, ಹನೂರು, ಅಜ್ಜೀಪುರ, ರಾಮಾಪುರ ಎಂದು ತಿರುಗಿದಷ್ಟು ನಮ್ಮ ಬೀದಿಯ ಯಾವ ಹಿರಿಯರೂ ತಿರುಗಿಲ್ಲ. ಅದೂ ಪಿಕಪ್ ಗಾಡಿಯ ಮುಂದಿನ ಸೀಟಿನಲ್ಲಿ, ನನ್ನ ಕಾಲ ಬುಡದಲ್ಲಿ ಕೂತು. ಅದನ್ನು ಕಂಡಾಗಲೆಲ್ಲ ನನಗೆ ನನ್ನ ಹಳೆಯ ಹುದ್ದೆ ನೆನಪಾಗುತ್ತದೆ. ಹುದ್ದೆಯ ಹೆಸರು, ಕಲ್ಲು ಕೊಡುವುದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಾಡಿಯನ್ನು ಏರಿನಲ್ಲಿ ನಿಲ್ಲಿಸಿದಾಗ ಅದು ಹಿಂದಕ್ಕೆ ಜಾರದ ಹಾಗೆ ಹಿಡಿದುಕೊಳ್ಳಲು ಹ್ಯಾಂಡ್ ಬ್ರೇಕ್ ಎಂಬುದೊಂದು ಇರುತ್ತದೆ. ಎರಡು ಸೀಟಿನ ನಡುವೆ ಒಂದು ಹಿಡಿ. ಮೇಲಕ್ಕೆ ಎಳೆದರೆ ಟಕ್ ಟಕ್ ಎನ್ನುತ್ತಾ ನಿಲ್ಲಬೇಕು, ಹಿಂದಿನ ಎರಡು ಗಾಲಿಯೂ ಕಚ್ಚಿಕೊಳ್ಳಬೇಕು. ಶಾಸ್ತ್ರ ಹೀಗಿದೆ. ನಮ್ಮ ಕಡೆಯ ಗಾಡಿಗಳಲ್ಲಿ ಅದು ಟವೆಲ್ ನೇತುಹಾಕುವುದಕ್ಕೆ ಇದೆ. ಕೊಳ್ಳೇಗಾಲದ ಯಾವ ಬೀದಿಯಲ್ಲಾದರೂ ನಿಂತು ನೋಡಿ, ಸಾಮಾನು ಇಳಿಸುತ್ತಿರುವ ಗಾಡಿಯ ಹಿಂದಿನ ಗಾಲಿಗೆ ಒಂದು ಕಲ್ಲೋ ಮರದ ತುಂಡೋ ಇದ್ದೇ ಇರುತ್ತದೆ. ಅದನ್ನು ಇಡುವುದಕ್ಕೆ ನಾವು ಇಡುವುದು ಎನ್ನುವುದಿಲ್ಲ, ಕೊಡುವುದು ಎನ್ನುತ್ತೇವೆ. ಕೂಸಿಗೆ ಮೊಲೆ ಕೊಡು, ಬಂದವರಿಗೆ ನೀರು ಕೊಡು, ಗಾಲಿಗೆ ಕಲ್ಲು ಕೊಡು.

ಈ ಕೆಲಸವನ್ನು ನಾನು ಕಲಿತದ್ದು ಅಪ್ಪನ ಎತ್ತಿನ ಗಾಡಿಯ ಹಿಂದೆ. ಆಗ ನನಗೆ ಎಂಟೋ ಒಂಬತ್ತೋ. ಭತ್ತ ಹೇರಿಕೊಂಡು ಏರು ಹತ್ತುವಾಗ ಎತ್ತುಗಳು ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದವು. ಅಷ್ಟರೊಳಗೆ ನಾನು ಗಾಲಿಯ ಹಿಂದೆ ಕಲ್ಲು ಕೊಡಬೇಕು. ಅಪ್ಪ ಮುಂದಿನಿಂದ "ಕೊಟ್ಯಾ?" ಎನ್ನುವರು. ನಾನು "ಕೊಟ್ಟೆ!" ಎಂದ ಮೇಲೆಯೇ ಹಗ್ಗ ಸಡಿಲಿಸುವರು. ಎತ್ತುಗಳಿಗೂ ಆ ಮಾತು ಗೊತ್ತಿತ್ತು, "ಕೊಟ್ಟೆ" ಎಂದ ಕೂಡಲೇ ಭುಜ ಇಳಿಬಿಡುತ್ತಿದ್ದವು. ಅಪ್ಪನದು ಒಂದು ಕಟ್ಟಳೆ ಇತ್ತು: ಕೊಟ್ಟ ಕಲ್ಲನ್ನು ದಾರಿಯಲ್ಲಿ ಬಿಟ್ಟು ಬರಬಾರದು. ನಿನ್ನ ಗಾಡಿ ನಿಲ್ಲಿಸಿದ ಕಲ್ಲು ಹಿಂದೆ ಬರುವವನ ಗಾಡಿ ಉರುಳಿಸುತ್ತದೆ ಎಂದು. ಹಾಗಾಗಿ ನಾನು ಕಲ್ಲನ್ನು ಸೊಂಟದ ಮೇಲೆ ಹೊತ್ತುಕೊಂಡು ಗಾಡಿಯ ಹಿಂದೆ ಓಡುತ್ತಿದ್ದೆ. ನನ್ನ ತಂಗಿ ನಾಗಮಣಿ ಮಾತ್ರ ಭತ್ತದ ಮೂಟೆಯ ಮೇಲೆ ಕೂತು ನನ್ನನ್ನು ನೋಡಿ ನಾಲಿಗೆ ಚಾಚುತ್ತಿದ್ದಳು. ಮೇಲೆ ಕೂರುವ ಯೋಗ ಅವಳಿಗೆ ಹುಟ್ಟಿನಿಂದಲೇ ಇತ್ತೆಂದು ಕಾಣುತ್ತದೆ.

ಆ ಗಾಡಿಯ ಕೆಳಗೆ ಒಂದು ಬಿದಿರಿನ ಕೊಳವೆ ತೂಗುತ್ತಿತ್ತು. ಅದರಲ್ಲಿ ಕೀಲೆಣ್ಣೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಮಾಡಿದ್ದು, ಅಚ್ಚಿಗೆ ಬಳಿಯುವುದಕ್ಕೆ. ಗಾಲಿ ಕಿರ್ ಎಂದರೆ ಸಾಕು, ಅಪ್ಪ ಗಾಡಿ ನಿಲ್ಲಿಸಿ ಬಳಿಯುವರು. "ಅಳೋ ಕೂಸ್ಗೆ ಆಲು, ಕೂಗೋ ಗಾಲಿಗೆ ಎಣ್ಣೆ" ಎನ್ನುವರು. ಈ ಮಾತು ನನ್ನ ತಲೆಯೊಳಗೆ ಎಷ್ಟು ಆಳಕ್ಕೆ ಹೋಗಿ ಕೂತಿತ್ತೆಂದರೆ, ಮುಂದೆ ಹೊಲಿಗೆ ಮೆಷಿನ್ ಬಂದಾಗಲೂ ನಾನು ಅದರ ತೂತುಗಳನ್ನೆಲ್ಲ ಹುಡುಕಿ ಹುಡುಕಿ ಎಣ್ಣೆ ಬಿಟ್ಟೆ. ಮೆಷಿನ್ ಕಲಿಸಿದ ಮೇಡಂ ಕೂಡ ಅದನ್ನೇ ಹೇಳಿದ್ದರು, ತೂತು ಇರುವುದೇ ಎಣ್ಣೆಗೆ ಎಂದು. ಅಪ್ಪನೂ ಮೇಡಮ್ಮೂ ಒಂದೇ ಮಾತು ಹೇಳಿದ ಮೇಲೆ ನಾನು ಇನ್ನು ಯಾರನ್ನು ಕೇಳಲಿ? ಈ ಎಣ್ಣೆಯ ಸಂಗತಿ ನಿಮ್ಮ ನೆನಪಿನಲ್ಲಿರಲಿ, ಮುಂದೆ ನನ್ನ ಮಾನ ಹೋಗುವುದು ಇದರಿಂದಲೇ.

ಪಿಕಪ್ ನನ್ನದಲ್ಲ, ತಂಗಿ ಮಣಿಯ ಗಂಡ ಸಿದ್ದರಾಜುವಿನದು. ಅವರ ಮನೆ ನನ್ನ ಅಂಗಡಿಗೆ ನಾಲ್ಕು ಮನೆ ಆಚೆ. ಅಗರದ ಬಾಳೆಕಾಯಿಯನ್ನು ಹನೂರಿನ ಆಚೆಯ ಅಂಗಡಿಗಳಿಗೆ ಹಾಕಿ ಬರುವುದು ಅವನ ಕಸುಬು. ಹದಿನೈದು ವರ್ಷ ಓಡಿಸಿದ. ಹ್ಯಾಂಡ್ ಬ್ರೇಕ್ ಅವನ ಕಾಲದಲ್ಲೇ ಸಡಿಲ. ಅವನು ಅದನ್ನು ರಿಪೇರಿ ಮಾಡಿಸುವ ಬದಲು ಹೊಳೆಯ ಕಡೆಯಿಂದ ಈ ಕಲ್ಲು ತಂದ. ಆಮೇಲೆ ಅವನ ಬೆನ್ನಿನ ಡಿಸ್ಕ್ ಜಾರಿತು. ಡಾಕ್ಟರು, ಇನ್ನು ಸ್ಟೇರಿಂಗ್ ಮುಟ್ಟಬೇಡ ಎಂದರು. ಗಾಡಿಯನ್ನು ಮಾರುವ ಮಾತು ಬಂದಾಗ ಮಣಿ, "ಯಾಕ್ ಮಾರೀರಿ? ನಾನಿಲ್ವಾ?" ಎಂದಳು. ಐವತ್ತೆರಡನೆಯ ವಯಸ್ಸಿಗೆ ಕೊಳ್ಳೇಗಾಲದ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಗದ್ದೆ ಬಯಲಿನಲ್ಲಿ ಅಭ್ಯಾಸ ಮಾಡಿ ಎರಡು ಬದು ಒಡೆದಳು. ಲೈಸೆನ್ಸ್ ತೆಗೆದೇ ತೆಗೆದಳು. ಊರಿನ ಗಂಡಸರು ಅರಳಿಕಟ್ಟೆಯ ಮೇಲೆ ಕೂತು ನೋಡಿದರು, ನಕ್ಕರು, ಆಮೇಲೆ ತಮ್ಮ ಬಾಳೆಗೊನೆಯನ್ನೂ ಹಾಕಿಕೊಂಡು ಹೋಗಲು ಹೇಳಿಕಳಿಸಿದರು.

ಸಿದ್ದರಾಜುವಿನದು ಒಂದೇ ಷರತ್ತು. "ಕಲ್ಲು ಕೊಡೋರಿಲ್ದೆ ಏರು ಅತ್ತಕೂಡ್ದು." ಜೊತೆಗೆ ಹೋಗುವವರು ಯಾರು? ಒಂಟಿ ಜೀವ, ಮದುವೆಯ ಗೋಜಿಗೆ ಹೋಗದವಳು, ಮೆಷಿನ್ನನ್ನು ಬೇಕಾದಾಗ ಮುಚ್ಚಿ ಎದ್ದುಬರಬಲ್ಲವಳು, ಅನುಭವಸ್ಥೆ. ನಾನೇ.

ಅಯ್ಯೋ, ಎಂಥ ಸುಖ ಅನುಭವಿಸಿದೆ ಅಂತೀರಿ! ವಾರಕ್ಕೆರಡು ದಿನ ಕಿಟಕಿಯ ಪಕ್ಕದ ಸೀಟು. ಕೊಳ್ಳೇಗಾಲದಲ್ಲಿ ಇಡ್ಲಿ, ಹನೂರಿನಲ್ಲಿ ಟೀ, ಅಜ್ಜೀಪುರ ದಾಟಿದ ಮೇಲೆ ಬೆಟ್ಟದ ಸಾಲು. ನಲವತ್ತು ವರ್ಷ ಸೂಜಿಯ ಕಣ್ಣು ನೋಡಿ ನೋಡಿ ಕಿರಿದಾಗಿದ್ದ ನನ್ನ ಕಣ್ಣಿಗೆ ಅಷ್ಟು ದೊಡ್ಡ ಬಯಲು ಸಿಕ್ಕಿತು. ದಾರಿಯುದ್ದಕ್ಕೂ ಯಾರ ಸೀರೆಯ ಫಾಲ್ಸ್ ಬಿಚ್ಚಿದೆ, ಯಾರ ರವಿಕೆಯ ತೋಳು ಓರೆ ಎಂದು ಎಣಿಸುತ್ತಾ ಹೋಗುತ್ತಿದ್ದೆ. ಗಾಡಿ ನಿಂತ ಕಡೆ ಇಳಿದು, ಕಲ್ಲು ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು "ಕೊಟ್ಟೆ!" ಎಂದು ಕೂಗಿದರೆ ಮಣಿ ಬ್ರೇಕಿನಿಂದ ಕಾಲು ತೆಗೆಯುವಳು. ಸ್ಟಾರ್ಟರ್ ಕೂಡ ಹಳೆಯದು, ಆರಿಸಿದರೆ ಮತ್ತೆ ಹತ್ತುವ ನಂಬಿಕೆಯಿಲ್ಲ. ಹಾಗಾಗಿ ಎಂಜಿನ್ ಓಡುತ್ತಲೇ ಇರಬೇಕು, ಗೇರಿಗೆ ಹಾಕಿ ನಿಲ್ಲಿಸುವ ಹಾಗಿಲ್ಲ. ಇಡೀ ಗಾಡಿ, ಬಾಳೆಗೊನೆ, ತಂಗಿ, ಎಲ್ಲವೂ ನನ್ನ ಕಲ್ಲಿನ ಮೇಲೆ ನಿಂತಿವೆ ಎಂಬ ಹೆಮ್ಮೆ ನನಗೆ.

ರಾಮಾಪುರದ ಆಚೆ, ಕಾಡಂಚಿನಲ್ಲಿ, ಸೋಲಿಗರ ಹೆಂಗಸರದು ಒಂದು ಸಂಘ. ಹುಣಸೆಹಣ್ಣು, ಸೀಗೆಕಾಯಿ, ಜೇನು ಕೂಡಿಟ್ಟು ಕೊಳ್ಳೇಗಾಲಕ್ಕೆ ಕಳಿಸುತ್ತಾರೆ. ಅದರ ಮುಂದಾಳು ಮಾದಮ್ಮ. ಮಾತು ಕಡಿಮೆ, ಕಣ್ಣು ಚುರುಕು. ನಮ್ಮ ಗಾಡಿ ಬಾಳೆ ಇಳಿಸಿ ಖಾಲಿ ಹೋಗುವುದನ್ನು ಕಂಡು ಒಂದು ದಿನ ಕೈ ಅಡ್ಡ ಹಿಡಿದಳು. ಪ್ರತಿ ಮಂಗಳವಾರ ತಮ್ಮ ಸರಕು ಒಯ್ಯಲು ಆಗುತ್ತದೆಯೇ ಎಂದು ಕೇಳಿದಳು. ಮಣಿಯ ಮುಖ ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಗಂಡ ಹಾಕಿಕೊಟ್ಟ ದಾರಿಯಲ್ಲಿ ಓಡಿಸುತ್ತಿದ್ದವಳಿಗೆ ತಾನೇ ಸಂಪಾದಿಸಿದ ಮೊದಲ ಕೆಲಸ ಅದು. ಹುಣಸೆ ಕಾಲ ಇಡೀ ಓಡಿಸಿದರೆ ವರ್ಷವಿಡೀ ಅವರ ಸರಕೆಲ್ಲ ನಿನ್ನದೇ ಎಂದು ಮಾದಮ್ಮ ಹೇಳಿದ್ದಳು.

ಶಿವರಾತ್ರಿ ಕಳೆದ ಮೇಲಿನ ಒಂದು ಮಂಗಳವಾರ. ಸಂಘದ ಶೆಡ್ಡು ಒಂದು ಏರಿನ ತುದಿಯಲ್ಲಿದೆ. ಮಣಿ ಗಾಡಿ ಹತ್ತಿಸಿ ನಿಲ್ಲಿಸಿದಳು. ನಾನು ಕಲ್ಲು ಹಿಡಿದು ಇಳಿದೆ. ಬಗ್ಗಲು ಹೋದರೆ ಮಂಡಿ ಹಿಡಿದುಕೊಂಡಿತು. ಅಷ್ಟರಲ್ಲಿ ಮುಂದಿನಿಂದ "ಕೊಟ್ಯಾ?" ಎಂಬ ಕೂಗು. ಐವತ್ತು ವರ್ಷದ ಅಭ್ಯಾಸ ನೋಡಿ, ಕೈಗಿಂತ ಮೊದಲು ಬಾಯಿ ಕೆಲಸ ಮಾಡಿತು. "ಕೊಟ್ಟೆ!" ಎಂದುಬಿಟ್ಟೆ. ಕಲ್ಲು ಇನ್ನೂ ನನ್ನ ಕೈಯಲ್ಲೇ ಇತ್ತು.

ಗಾಡಿ ಹಿಂದಕ್ಕೆ ಹೊರಟಿತು. ನಾನು ಪಕ್ಕಕ್ಕೆ ಬಿದ್ದೆ. ಮಣಿ ಎರಡೂ ಕೈಯಲ್ಲಿ ಹ್ಯಾಂಡ್ ಬ್ರೇಕ್ ಎಳೆಯುತ್ತಿದ್ದದ್ದು ಕಿಟಕಿಯಲ್ಲಿ ಕಾಣಿಸಿತು, ಗಾಡಿಗೆ ಅದರ ಪರಿವೆಯೇ ಇರಲಿಲ್ಲ. ಹಿಂದೆ ಬುಟ್ಟಿ ಹಿಡಿದು ನಿಂತಿದ್ದ ಮಾದಮ್ಮ ಬುಟ್ಟಿ ಎಸೆದು ಪಕ್ಕಕ್ಕೆ ಹಾರಿದಳು. ಮಣಿಗೆ ಕಾಲುಬ್ರೇಕಿನ ನೆನಪು ಬಂದು ತುಳಿಯುವ ಹೊತ್ತಿಗೆ ಹಿಂಬದಿ ಹುಣಸೆಮರಕ್ಕೆ ತಾಗಿ ಒಂದು ಲೈಟು ಪುಡಿಯಾಗಿತ್ತು. ಯಾರಿಗೂ ಏನೂ ಆಗಲಿಲ್ಲ. ಮಾದಮ್ಮ ಬಂದು ನನ್ನ ಕೈಹಿಡಿದು ಎಬ್ಬಿಸಿದಳು.

"ಮಕ್ಳು ಆಡೋ ಜಾಗ ಕನವ್ವ ಇದು" ಎಂದಳು ಮಾದಮ್ಮ, ಮಣಿಯ ಕಡೆ ತಿರುಗಿ. "ಗಾಡಿ ಸರಿ ಮಾಡ್ಕಂಡು ಮುಂದಿನ್ ಮಂಗಳ್ವಾರ ಬಾ. ಆಗ್ನಿಲ್ಲ ಅಂದ್ರೆ ಏಳ್ಬುಡು, ಬ್ಯಾರೆ ಗಾಡಿ ನೋಡ್ಕತೀವಿ."

ಸುದ್ದಿ ಕೇಳಿ ಸಿದ್ದರಾಜು ಮಂಚದ ಮೇಲೆ ಎದ್ದು ಕೂತ. ಬೆನ್ನುನೋವಿನ ಮನುಷ್ಯ ಅಷ್ಟು ಬೇಗ ಎದ್ದದ್ದನ್ನು ನಾನು ಕಂಡಿರಲಿಲ್ಲ. "ಅಕ್ಕನ್ನ ಕರ್ಕೊಂಡೋಗಿ ಗಾಲಿ ಕೆಳ್ಗೆ ತಳ್ಳೋದು ಸಾಕು. ಬ್ರೇಕ್ ಇಡ್ದ್ರೆ ಗಾಡಿ ಓಯ್ತದೆ, ಇಲ್ದಿದ್ರೆ ಇಲ್ಲೇ ನಿಂತ್ಕತದೆ" ಎಂದ. ನಾನು "ತಪ್ಪು ನಂದು" ಎಂದೆ. ಅದನ್ನು ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ರಿಪೇರಿ ಮನೆಯಲ್ಲೇ ಶುರುವಾಯಿತು. ಸಿದ್ದರಾಜು ಮಂಚದಿಂದ ಹೇಳಿಕೊಟ್ಟ, ಮಣಿ ಸೀಟಿನ ನಡುವೆ ತಲೆ ತೂರಿಸಿ ಹಿಡಿಯ ಬುಡದಲ್ಲಿದ್ದ ಕೇಬಲ್ಲಿನ ನಟ್ಟನ್ನು ಬಿಗಿ ಮಾಡಿದಳು. "ಇನ್ನೂ ಬಿಗಿ, ಇನ್ನೂ ಬಿಗಿ." ಮೊದಲು ಹದಿಮೂರು ಸಲ ಟಕ್ ಎನ್ನುತ್ತಿದ್ದ ಹಿಡಿ ಈಗ ಮೂರಕ್ಕೇ ನಿಂತಿತು. ಆಹಾ ಎಂದುಕೊಂಡೆವು. ಕಾಲುವೆಯ ಏರಿಯ ತನಕ ಓಡಿಸಿ ನೋಡಿದರೆ ಎಡಗಾಲಿಯಿಂದ ಸುಟ್ಟ ವಾಸನೆ, ಮುಟ್ಟಿದರೆ ಬಾಣಲೆಯ ಕಾವು. ಏರಿಯ ಮೇಲೆ ನಿಲ್ಲಿಸಿದರೆ ಗಾಡಿ ಮೊದಲಿನ ಹಾಗೆಯೇ ನಿಧಾನವಾಗಿ ಹಿಂದಕ್ಕೆ. ಒಂದು ಗಾಲಿ ಬಿಡುತ್ತಲೇ ಇಲ್ಲ, ಇನ್ನೊಂದು ಹಿಡಿಯುತ್ತಲೇ ಇಲ್ಲ. ಬಿಗಿ ಮಾಡಿದ್ದನ್ನು ಮತ್ತೆ ಸಡಿಲಿಸಿದಳು. ಆ ದಿನಗಳಲ್ಲಿ ಮಣಿ ಇನ್ನೊಂದು ಕೆಲಸ ಮಾಡುತ್ತಿದ್ದಳು. ಮನೆಯೊಳಗೇ ನಲ್ಲಿ ಇರುವಾಗ ಬೀದಿ ಕೊನೆಯ ನೀರಿನ ತೊಂಬೆಯಿಂದ ತುಂಬಿದ ಬಿಂದಿಗೆಯನ್ನು ಒಂದೇ ಕೈಯಲ್ಲಿ ತೂಗಾಡಿಸಿಕೊಂಡು ತರುವುದು. ಕೆಲವು ತಿಂಗಳಿಂದ ನಡೆದಿತ್ತು. ತಲೆ ಕೆಟ್ಟಿದೆ ಇವಳಿಗೆ ಎಂದುಕೊಂಡು ಸುಮ್ಮನಿದ್ದೆ.

ಸೋಮವಾರ ಬೆಳಿಗ್ಗೆ ಇಬ್ಬರೂ ಹನೂರಿನ ಸೆಲ್ವಣ್ಣನ ಗ್ಯಾರೇಜಿಗೆ ಹೋದೆವು. ಮರುದಿನ ಮಂಗಳವಾರ. ಸೆಲ್ವಣ್ಣನ ಮನೆಮಾತು ತಮಿಳು, ಗ್ಯಾರೇಜಿನ ಮಾತು ಕನ್ನಡ, ಬೈಗುಳ ಎರಡರಲ್ಲೂ. ಅವನು ಮೊದಲು ಹಿಡಿ ಎಳೆದು ಟಕ್ಕುಗಳನ್ನು ಎಣಿಸಿದ. ಆಮೇಲೆ ಮಣಿ ಮನೆಯಲ್ಲಿ ನಟ್ಟು ಬಿಗಿ ಮಾಡಿದ ಕಥೆ ಕೇಳಿ ಹಣೆ ಚಚ್ಚಿಕೊಂಡ.

"ಒಳಗಡೆ ಸರಿ ಮಾಡ್ದೆ ಕೇಬಲ್ ಬಿಗಿ ಮಾಡೋದಾ ಮಣಿಯಕ್ಕ? ಅಕ್ಕಿ ಬೇಯ್ದೆ ಬಸಿದಂಗೆ ಅದು."

ಮುಂದಿನ ಗಾಲಿಗೆ ನಮ್ಮದೇ ಕಲ್ಲು ಕೊಡಿಸಿ, ಹಿಂಭಾಗವನ್ನು ಜಾಕಿನ ಮೇಲೆ ಎತ್ತಿದ. ಹಿಡಿ ಎಳೆಯಲು ಹೇಳಿ ಎರಡೂ ಗಾಲಿಯನ್ನು ಕೈಯಿಂದ ತಿರುಗಿಸಿದ. ಎಡಗಾಲಿ ಅಲುಗಲಿಲ್ಲ. ಬಲಗಾಲಿ ರಾಟೆಯಂತೆ ತಿರುಗಿತು. ಗಾಡಿಯ ಕೆಳಗೆ ಮಲಗಿ ಬಲಗಡೆಯ ಕೇಬಲ್ಲು ಎಳೆದು ನೋಡಿದ, ಅದು ಸಲೀಸಾಗಿ ಓಡಾಡುತ್ತಿತ್ತು. "ಕೇಬಲ್ ಚೆನ್ನಾಗದೆ. ರೋಗ ಡ್ರಮ್ಮೊಳಗೆ" ಎಂದ. ಗಾಲಿ ಬಿಚ್ಚಿ, ಸುತ್ತಿಗೆಯಲ್ಲಿ ನಾಲ್ಕು ತಟ್ಟಿ, ಡ್ರಮ್ ಎಂಬ ಕಬ್ಬಿಣದ ಬೋಗುಣಿಯನ್ನು ಎಳೆದ.

ಒಳಗೆ ಬಿಲ್ಲಿನಂತೆ ಬಾಗಿದ ಎರಡು ಶೂಗಳು. ಹಿಡಿ ಎಳೆದಾಗ ಅವು ಅಗಲಗೊಂಡು ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯಬೇಕಂತೆ. ಅವುಗಳ ಮೇಲೆ ಕಪ್ಪಗೆ, ಜಿಡ್ಡಾಗಿ, ಹೊಳೆಯುವ ಒಂದು ಲೇಪ. ನೋಡಿದ ಕೂಡಲೇ ನನಗೆ ಅಪ್ಪನ ಬಿದಿರಿನ ಕೊಳವೆ ನೆನಪಾಯಿತು. ಅದೇ ಬಣ್ಣ, ಅದೇ ಜಿಡ್ಡು.

"ಎಣ್ಣೆ ಕುಡ್ದು ಕುಂತದೆ. ಅಚ್ಚಿನ ಎಣ್ಣೆ ತಡಿಯೋ ಆಕ್ಸಲ್ ಸೀಲ್ ಓಗಿರ್ಬೇಕು" ಎಂದ ಸೆಲ್ವಣ್ಣ. "ಆಕ್ಸಲ್ ಈಚೆಗೆ ಎಳೀಬೇಕು. ಸೀಲು, ಬೇರಿಂಗು ಮೈಸೂರಿಂದ ತರಿಸ್ಬೇಕು. ಗುರುವಾರ ಆಯ್ತದೆ."

ಮಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಳು. ಗುರುವಾರ ಎಂದರೆ ಮಂಗಳವಾರ ಹೋಯಿತು. ಮಂಗಳವಾರ ಹೋದರೆ ಮಾದಮ್ಮನ ಕೆಲಸ ಹೋಯಿತು. ಸೆಲ್ವಣ್ಣ ದೊಡ್ಡ ಸ್ಪ್ಯಾನರಿಗೆ ಕೈ ಹಾಕಿದ.

ಸತ್ಯ ನನಗೆ ಗೊತ್ತಿತ್ತು. ಹಿಂದಿನ ಆಯುಧಪೂಜೆಯ ದಿನ ಗಾಡಿ ತೊಳೆದು, ಕುಂಬಳಕಾಯಿ ಒಡೆಯುವ ಮೊದಲು, ನಾನು ನನ್ನ ಮೆಷಿನ್ನಿಗೂ ಕತ್ತರಿಗೂ ಎಣ್ಣೆ ಹಚ್ಚಿದೆ. ಎಣ್ಣೆಯ ಡಬ್ಬಿ ಕೈಯಲ್ಲಿತ್ತು. ಕೆಲವು ದಿನದಿಂದ ಬಲಗಡೆಯ ಗಾಲಿ ನಿಲ್ಲುವಾಗ ಕೀಚ್ ಎನ್ನುತ್ತಿತ್ತು. ಬಗ್ಗಿ ನೋಡಿದರೆ ಗಾಲಿಯ ಒಳಬದಿಯಲ್ಲಿ ಒಂದು ತೂತು, ಅದರ ರಬ್ಬರ್ ಬಿರಡೆ ಎಲ್ಲೋ ಬಿದ್ದುಹೋಗಿತ್ತು. ಕೂಗುವ ಗಾಲಿ. ತೂತು. ಕೈಯಲ್ಲಿ ಎಣ್ಣೆ. ನನ್ನ ಜಾಗದಲ್ಲಿ ಅಪ್ಪನಿದ್ದರೂ ಬೇರೆ ಏನು ಮಾಡುತ್ತಿದ್ದರು? ಡಬ್ಬಿಯ ಮೂತಿಯನ್ನು ತೂತಿಗಿಟ್ಟು, ಮನೆಯಲ್ಲಿ ತೆಗೆದ ಹರಳೆಣ್ಣೆಯನ್ನು ತಳ ಕಾಣುವ ತನಕ ಒತ್ತಿದೆ. ಮರುದಿನದಿಂದ ಕೀಚ್ ಇಲ್ಲ. ಪೂಜೆ ಫಲಿಸಿತು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದೆ.

ಆದರೂ ಬಾಯಿ ಬರಲಿಲ್ಲ. ಹಿಂದಿನ ವಾರ ಕಲ್ಲು ಕೊಡುವ ಮೊದಲೇ "ಕೊಟ್ಟೆ" ಎಂದಿದ್ದ ಬಾಯಿ ಅದು. ಮಾನ ಹೋಗುತ್ತದೆಂಬ ಭಯ ಒಂದು. ಇನ್ನೊಂದನ್ನು ನಿಮಗೆ ಮಾತ್ರ ಹೇಳುತ್ತೇನೆ. ಬ್ರೇಕು ಸರಿಯಾದರೆ ಕಲ್ಲು ಬೇಡ. ಕಲ್ಲು ಬೇಡವಾದರೆ ಕಲ್ಲು ಕೊಡುವವಳು ಏಕೆ? ಆ ಕಿಟಕಿ, ಆ ಇಡ್ಲಿ, ಅಜ್ಜೀಪುರದ ಆಚೆಯ ಬೆಟ್ಟ, ತಂಗಿಯ ಜೊತೆ ಒಂದು ದಿನ ಪೂರ್ತಿ ಹರಟೆ, ಎಲ್ಲವೂ ಹೋಗುತ್ತದೆ. ಗುರುವಾರವೇ ಆಗಲಿ, ಏನೀಗ ಎಂದು ಒಂದು ಕ್ಷಣ ನನ್ನ ಮನಸ್ಸು ಹೇಳಿತು. ಆ ಕ್ಷಣದ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಮಣಿ ಸೆರಗು ಸುತ್ತುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಂಡಳು.

"ಸೆಲ್ವಣ್ಣ, ಆಕ್ಸಲ್ ಬಿಚ್ಬ್ಯಾಡ" ಎಂದೆ. "ಸೀಲ್ ಓಗಿಲ್ಲ. ಎಣ್ಣೆ ಬುಟ್ಟೋಳು ನಾನು."

ಅವನು ನನ್ನನ್ನು ನೋಡಿದ. ಶೂ ನೋಡಿದ. ಬೆರಳಿನಲ್ಲಿ ಜಿಡ್ಡು ತೆಗೆದು ಮೂಗಿಗೆ ಹಿಡಿದ. "ಆಮಾ!" ಎಂದು ತಮಿಳಿನಲ್ಲೇ ಹೌದೆಂದು ಕೂಗಿದ. "ಅರಳೆಣ್ಣೆ ಇದು! ಅಕ್ಕೋ, ಇಪ್ಪತ್ತೈದು ವರ್ಸದಿಂದ ಗಾಡಿ ಬಿಚ್ತಾ ಇವ್ನಿ, ಬ್ರೇಕ್ಗೆ ಅರಳೆಣ್ಣೆ ಕುಡ್ಸಿದೋರ್ನ ಇವತ್ತೇ ಕಂಡಿದ್ದು. ಬ್ರೇಕ್ಗೆ ಬೇದಿಯೇನಾದ್ರೂ ಮಾಡಿಸ್ಬೇಕಿತ್ತಾ?"

ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ಮಣಿ ನಗಲಿಲ್ಲ. ಒಂದು ಹಳೆಯ ಟೈರಿನ ಮೇಲೆ ಕೂತಳು.

"ಆಯುಧಪೂಜೆ ದಿನಾನಾ ಅಕ್ಕ?"

"ಊಂ."

"ಅವತ್ತಿಂದ್ಲೇ ಕನಕ್ಕ ಅದು ಪೂರಾ ಇಡೀದೆ ಓದ್ದು. ಮನೇಲಿ ಇವ್ರನ್ನ ಕೇಳ್ದೆ. ನಾನು ಓಡಿಸೋವಾಗ ಇಡೀತಿತ್ತು, ಗಂಡಸ್ರು ಎಳ್ದಂಗೆ ಎಳೀಬೇಕು ಅಂದ್ರು. ನನ್ ಕೈಲೇ ಕಸುವಿಲ್ಲ ಅನ್ಕಂಡೆ. ಅದ್ಕೇ ದಿನಾ ಬಿಂದಿಗೆ ಎತ್ತಿ ಎತ್ತಿ ತೋಳು ಗಟ್ಟಿ ಮಾಡ್ಕತಿದ್ದೆ. ಅವತ್ತು ಗಾಡಿ ಜಾರ್ದಾಗ್ಲೂ, ಮಾದಮ್ಮನ್ ಜೀವ ನನ್ ಕೈಲಿತ್ತು, ನಾನೇ ಎಳೀನಿಲ್ಲ ಅನ್ಕಂಡಿದ್ದೆ."

ಬೀದಿ ಕೊನೆಯ ತೊಂಬೆ, ತೂಗಾಡುವ ಬಿಂದಿಗೆ, ಒದ್ದೆಯಾದ ಅವಳ ಸೀರೆಯ ಅಂಚು, ಎಲ್ಲವೂ ನನ್ನ ಕಣ್ಣ ಮುಂದೆ ಬಂತು. ನಾಲ್ಕು ತಿಂಗಳು ದಿನಾ ಅದನ್ನು ನೋಡಿದ್ದೆ. ಯಾಕೆ ಎಂದು ಒಂದು ಸಲವೂ ಕೇಳಿರಲಿಲ್ಲ. ಅಪ್ಪನ ಕಾಲದಿಂದ ಕಲ್ಲು ಕೊಟ್ಟು ಗಾಡಿ ಕಾಯುತ್ತಿದ್ದೇನೆ ಎಂದು ಬೀಗುತ್ತಿದ್ದವಳು ನಾನು. ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಅವಳ ಮಂಡಿ ಹಿಡಿದುಕೊಂಡು ಅತ್ತುಬಿಟ್ಟೆ.

"ಏಳಕ್ಕ, ಗ್ರೀಸ್ ಅಂಟ್ಕತದೆ ಸೀರೆಗೆ" ಎಂದಳು ಮಣಿ. ಟೈರಿನ ಮೇಲೆ ಜಾಗ ಮಾಡಿಕೊಡುತ್ತಾ, "ಅಪ್ಪ ಇದ್ದಿದ್ರೆ ನಿನ್ನ ಒಗಳ್ತಿದ್ರು ಬುಡು. ಗಾಲಿ ಕೂಗ್ತಿರ್ನಿಲ್ವಲ್ಲ" ಎಂದಳು. ಆಗ ನಕ್ಕಳು.

ಸೆಲ್ವಣ್ಣ ಎರಡೂ ಗಾಲಿಯ ಶೂ ಬದಲಿಸಿದ. ಒಂದೇ ಕಡೆ ಹೊಸದು ಹಾಕಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದಂತೆ. ಹೊಸ ಶೂ ಹನೂರಿನಲ್ಲೇ ಸಿಕ್ಕಿತು. ಡ್ರಮ್ಮಿನ ಜಿಡ್ಡು ತೊಳೆದು, ಉಪ್ಪುಕಾಗದದಿಂದ ತಿಕ್ಕಿದ. ಡ್ರಮ್ ಮುಚ್ಚಿದ ಮೇಲೆ ಒಂದು ಉದ್ದನೆಯ ಸ್ಕ್ರೂಡ್ರೈವರನ್ನು ತೂತಿನೊಳಗೆ ತೂರಿಸಿ ಒಳಗಿನ ಹಲ್ಲುಚಕ್ರವನ್ನು ಒಂದೊಂದೇ ಹಲ್ಲು ತಿರುಗಿಸಿದ. ಹೌದು, ಅದೇ ತೂತು. ಅದು ಇದ್ದದ್ದು ಇದಕ್ಕೆ. ಶೂ ಡ್ರಮ್ಮಿಗೆ ಸವರಿ ಸಣ್ಣಗೆ ಉಜ್ಜುವ ಸದ್ದು ಬಂದಾಗ ನಿಲ್ಲಿಸಿದ. ಎಡಗಾಲಿಗೂ ಹಾಗೆಯೇ. ಕೊನೆಗೆ ಕೇಬಲ್ಲಿನ ನಟ್ಟು, ಅದೂ ಒಂದೆರಡು ಸುತ್ತು ಮಾತ್ರ. ಎಲ್ಲ ಮುಗಿದ ಮೇಲೆ ಒಂದು ಹೊಸ ರಬ್ಬರ್ ಬಿರಡೆ ತಂದು ನನ್ನ ಅಂಗೈಯಲ್ಲಿಟ್ಟ.

"ಅಕ್ಕೋ, ಇದ ನೀವೇ ಮುಚ್ಚಿ. ನಿಮ್ಮೇಲೆ ನಂಗೆ ಭಯ ಅದೆ."

ಕಾಜಾ ಹೊಲಿಗೆ ಹಾಕುವಷ್ಟು ಜಾಗರೂಕತೆಯಿಂದ ಅದನ್ನು ಒತ್ತಿ ಕೂರಿಸಿದೆ.

ಸಂಜೆ ನಾಲ್ಕರ ಹೊತ್ತಿಗೆ ಊರಾಚೆಯ ಒಂದು ಏರಿನಲ್ಲಿ ಪರೀಕ್ಷೆ. ಮಣಿ ಅರ್ಧ ಏರು ಹತ್ತಿಸಿ ನಿಲ್ಲಿಸಿದಳು. ನನ್ನ ಕೈ ಕಾಲು ಕೇಳಬೇಕಲ್ಲ, ಕಲ್ಲು ಹಿಡಿದು ಇಳಿದೇಬಿಟ್ಟೆ. ಹಿಂದಿನ ಗಾಲಿಯ ಹತ್ತಿರ ಬಗ್ಗುವಷ್ಟರಲ್ಲಿ ಮುಂದಿನಿಂದ ಕೂಗು ಬಂತು:

"ಕಲ್ಲು ಕೊಡ್ಬ್ಯಾಡ ಕನಕ್ಕ! ದೂರ ನಿಂತ್ಕ!"

ಹಿಡಿ ಎಳೆದ ಸದ್ದು ಕೇಳಿಸಿತು. ಐದು ಟಕ್. ಗೇರು ತಪ್ಪಿಸಿ, ಕಾಲುಬ್ರೇಕು ಬಿಟ್ಟಳು. ನಾನು ಪಕ್ಕದಲ್ಲಿ ಕಲ್ಲು ಅಪ್ಪಿಕೊಂಡು ನಿಂತೆ. ಗಾಡಿ ಒಂದು ಸಲ ಮೈ ಮುರಿದಂತೆ ಅಲುಗಿತು, ಅಷ್ಟೆ. ಮಣಿ ಬಾಗಿಲು ತೆಗೆದು ಇಳಿದು, ಎರಡೂ ಕೈ ಎತ್ತಿ ತೋರಿಸಿದಳು. ಗಾಡಿಯಲ್ಲಿ ಯಾರೂ ಇಲ್ಲ, ಗಾಲಿಗೆ ಏನೂ ಇಲ್ಲ, ಏರಿನ ನಡುವೆ ಗಾಡಿ ನಿಂತಿತ್ತು. ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದಳು. "ನಿಂತದೆ ಕನ್ರಿ" ಎಂದಳು. ಆ ಕಡೆಯಿಂದ, "ಎಷ್ಟ್ ಟಕ್ಕಿಗೆ?" "ಐದಕ್ಕೆ." ಆಮೇಲೆ ಅವನ ದನಿ ನನಗೂ ಕೇಳಿಸಿತು: "ನಾನೇ ಮಾಡಿಸ್ಬೇಕಿತ್ತು ಕನಮ್ಮಿ. ನಾಳೆ ಓಗ್ಬುಟ್ ಬಾ."

ಮಂಗಳವಾರ ಅವಳು ಒಬ್ಬಳೇ ಹೋದಳು. ನಾನೇ ಒಬ್ಬಳೇ ಹೋಗು ಎಂದೆ, ಮದುವೆಯ ರವಿಕೆಗಳು ಬಾಕಿ ಇವೆ ಎಂದು ಸುಳ್ಳು ಹೇಳಿದೆ. ಕಲ್ಲನ್ನು ಗಾಡಿಯಿಂದ ಇಳಿಸಿಕೊಂಡೆ. ದಾರಿಯಲ್ಲಿ ಬಿಡುವ ಹಾಗಿಲ್ಲವಲ್ಲ, ಅಂಗಡಿಯ ಬಾಗಿಲಿಗೆ ಕೊಟ್ಟೆ. ಇಡೀ ದಿನ ಒಂದು ರವಿಕೆಯ ಎರಡು ತೋಳನ್ನೂ ಒಂದೇ ಕಡೆಗೆ ಹೊಲಿದು, ಬಿಚ್ಚಿ, ಮತ್ತೆ ಹೊಲಿದೆ. ಸಂಜೆ ಗಾಡಿಯ ಸದ್ದು ಕೇಳಿದಾಗಲೇ ಉಸಿರು ಬಂದದ್ದು. ಹಿಂದೆ ಹುಣಸೆಯ ಖಾಲಿ ಚೀಲಗಳು, ಸೀಟಿನ ಮೇಲೆ ಮಾದಮ್ಮ ಕಳಿಸಿದ ಒಂದು ಬಾಟಲಿ ಜೇನು. "ಕಲ್ಲಿನಕ್ಕ ಬರ್ನಿಲ್ವಾ ಅಂತ ಕೇಳ್ದ್ಲು" ಎಂದಳು ಮಣಿ.

ಮುಂದಿನ ಮಂಗಳವಾರ ಬೆಳಿಗ್ಗೆ ನಾನು ಮೆಷಿನ್ನಿಗೆ ದಾರ ಪೋಣಿಸುತ್ತಿದ್ದೆ. ಅಂಗಡಿಯ ಮುಂದೆ ಗಾಡಿ ನಿಂತಿತು. ಟಕ್ ಟಕ್ ಎಂಬ ಸದ್ದು. ಮಣಿ ಇಳಿದು ಬಂದು ಬಾಗಿಲಲ್ಲಿ ನಿಂತಳು.

"ಬಾಕ್ಕ, ಒತ್ತಾಯ್ತು."

ನಾನು ತಟಕ್ಕನೆ ಎದ್ದು ಕಲ್ಲಿಗೆ ಕೈ ಹಾಕಿದೆ.

"ಅದ್ಯಾಕೆ? ಅದು ಅಲ್ಲೇ ಇರ್ಲಿ. ನೀನು ಬಾ."

ಇಡ್ಲಿ ಕೊಳ್ಳೇಗಾಲದಲ್ಲಿ, ಟೀ ಹನೂರಿನಲ್ಲಿ. ಅಜ್ಜೀಪುರ ದಾಟಿದ ಮೇಲೆ ಬೆಟ್ಟ ಇದ್ದಲ್ಲೇ ಇತ್ತು. ಕಾಲ ಬುಡದಲ್ಲಿ ಕಲ್ಲಿಲ್ಲದೆ ಕಾಲು ಚಾಚಿ ಕೂತೆ. ರಾಮಾಪುರದಾಚೆಯ ಆ ಏರಿನ ತುದಿಯಲ್ಲಿ, ಮಾದಮ್ಮನ ಶೆಡ್ಡಿನ ಮುಂದೆ, ಮಣಿ ಬ್ರೇಕು ತುಳಿದು ಗಾಡಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ನೀನೇ ಎಳಿ ಅಕ್ಕ."

"ನನ್ ಕೈಲಿ ಆಯ್ತದಾ?"

"ಒಂದೇ ಕೈಲಿ ಎಳಿ. ಕಸುವೇನೂ ಬ್ಯಾಡ."

ಸೂಜಿ ಹಿಡಿದು ಸೊಟ್ಟಗಾದ ಬೆರಳುಗಳಿಂದ ಹಿಡಿಯನ್ನು ಮೇಲಕ್ಕೆ ಎಳೆದೆ. ಟಕ್, ಟಕ್, ಟಕ್, ಟಕ್, ಟಕ್. ಮಣಿ ಕಾಲು ತೆಗೆಯಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಕಾದಳು.

"ಕೊಟ್ಯಾ?" ಎಂದಳು.

ಹಿಡಿಯನ್ನು ಇನ್ನೊಮ್ಮೆ ಅಲುಗಿಸಿ ನೋಡಿದೆ. ಗಟ್ಟಿಯಾಗಿತ್ತು. ಆಮೇಲೆ "ಕೊಟ್ಟೆ" ಎಂದೆ.